ಶಾಲೆಯ ನಾಟಕ ಯಾರ ಸ್ವತ್ತು?

ವಾರ್ಷಿಕೋತ್ಸವ ಬಂತೆಂದರೆ ನಮ್ಮ ಪ್ರೌಢಶಾಲೆಗಳಿಗೆ ನಾಟಕದ ನೆನಪಾಗುತ್ತದೆ. ಹದಿನೈದು ದಿನದ ಗಡಿಬಿಡಿ, ಬಾಯಿಪಾಠದ ಮಾತು, ಬಾಡಿಗೆಯ ಕಿರೀಟ, ಮುಂದಿನ ಸಾಲಿನ ಅತಿಥಿಗಳ ಚಪ್ಪಾಳೆ. ಮರುದಿನ ಕಿರೀಟ ಅಂಗಡಿಗೆ ಹಿಂದಿರುಗುತ್ತದೆ. ನಾಟಕವೂ ಅದರ ಜೊತೆಗೇ ಹೋಗುತ್ತದೆ. ಇದನ್ನು ನಾಟಕ ಕಲಿಸುವುದೆಂದು ಕರೆಯಲು ನಾವು ಸಿದ್ಧರಿಲ್ಲ.

ಲೇಖನಿ ಹಿಡಿಯುವ ಮೊದಲು ನಾವು ಸೀಮೆಸುಣ್ಣ ಹಿಡಿದವರು. ನಾವು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ವೇಷದ ಬಾಡಿಗೆ ಕೊಟ್ಟವನೇ ರಾಜ. ಕೊಡಲಾರದವನು ಪರದೆ ಎಳೆಯುವವನು. ಮಿಲ್ ಕೆಲಸಗಾರರೊಬ್ಬರ ಮಗ, ತರಗತಿಯಲ್ಲೇ ಒಳ್ಳೆಯ ಕಂಠದವನು, ಪರದೆಯ ಹಗ್ಗ ಹಿಡಿದು ಎಲ್ಲರ ಮಾತನ್ನೂ ತುಟಿಯಲ್ಲೇ ಆಡುತ್ತಿದ್ದ. ಅದನ್ನು ಕಂಡೂ ನಾವು ಸುಮ್ಮನಿದ್ದೆವು. ಆ ಋಣ ಇನ್ನೂ ತೀರಿಲ್ಲ.

ಬೆಂಗಳೂರಿನ ದಂಡು ಪ್ರದೇಶವನ್ನೇ ನೋಡಿ. ನಗರದ ಮತ್ತು ದಂಡಿನ ಪುರಸಭೆಗಳು 1949ರಲ್ಲಿ ಒಂದಾದವು. ಆದರೆ ಶಿವಾಜಿನಗರ, ಹಲಸೂರುಗಳ ಬಡ ಮಕ್ಕಳಿಗೆ ಮನೆಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ. ಮನೆಯಲ್ಲಿ ಉರ್ದು ಅಥವಾ ತಮಿಳು, ಮೇಷ್ಟರ ಮುಂದೆ ಕನ್ನಡ, ಅಂಗಡಿಯ ಬೋರ್ಡಿನಲ್ಲಿ ಇಂಗ್ಲಿಷು. ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದರೆ ಮಗು ಮೂಕವಾಗುತ್ತದೆ. ಅದೇ ಮಗುವಿಗೆ, “ನೀನು ರಸೆಲ್ ಮಾರ್ಕೆಟಿನಲ್ಲಿ ಹಣ್ಣು ಮಾರುವವನು, ಇವನು ಗಿರಾಕಿ, ಅವನು ತಕ್ಕಡಿ ಪರೀಕ್ಷಿಸಲು ಬಂದ ಅಧಿಕಾರಿ” ಎಂದು ಹೇಳಿ ನೋಡಿ. ಬಾಯಿ ತಾನಾಗಿ ತೆರೆಯುತ್ತದೆ. ಚೌಕಾಸಿಯ ನಡುವೆ ಕನ್ನಡವೂ ಬರುತ್ತದೆ, ಲೆಕ್ಕವೂ ಬರುತ್ತದೆ. ಆಮೇಲೆ ಪಾತ್ರ ಬದಲಿಸಬೇಕು. ವ್ಯಾಪಾರಿ ಅಧಿಕಾರಿಯಾಗಬೇಕು, ಅಧಿಕಾರಿ ವ್ಯಾಪಾರಿಯಾಗಬೇಕು. ಇನ್ನೊಬ್ಬನ ಜಾಗದಲ್ಲಿ ನಿಂತು ನೋಡುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಯಾವುದಿದೆ? ಇದಕ್ಕೆ ಕಿರೀಟವೂ ಬೇಡ, ಪರದೆಯೂ ಬೇಡ.

“ನಾಟಕ ಹೊಟ್ಟೆಗೆ ಹಿಟ್ಟು ಕೊಟ್ಟೀತೇ?” ಎಂದು ನಮ್ಮ ಓದುಗರೇ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಲೇಬರ್ ಆಫೀಸಿನಲ್ಲಿ ಅಧಿಕಾರಿಯ ಮುಂದೆ ನಾಲಿಗೆ ಒಣಗಿ, ಹಕ್ಕಿನ ಬೋನಸ್ಸನ್ನು ಕೇಳಲಾರದೆ ಹಿಂದಿರುಗಿದ ಸಂಗಾತಿಗಳು ನಮ್ಮಲ್ಲಿಲ್ಲವೇ? ತೆರಿಗೆ ಕಚೇರಿಯಲ್ಲಿ ತಲೆ ತಗ್ಗಿಸಿ ನಿಂತ ಸಣ್ಣ ವ್ಯಾಪಾರಿಗಳಿಲ್ಲವೇ? ಎದೆಯೆತ್ತಿ ಮಾತಾಡುವ ಅಭ್ಯಾಸವೂ ವಿದ್ಯೆಯೇ. ಕಾರ್ಮಿಕ ವರ್ಗ ಇದನ್ನು ಮೊದಲಿನಿಂದಲೂ ಬಲ್ಲದು. ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ಕನ್ನಡ ಸಂಘಗಳಲ್ಲಿ ದುಡಿದು ದಣಿದವರೇ ಬಣ್ಣ ಹಚ್ಚಿದರು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ನಾಟಕವನ್ನು ಬೀದಿಗೆ ತಂದಿತು. 1989ರ ಜನವರಿಯಲ್ಲಿ ದೆಹಲಿಯ ಬಳಿಯ ಸಾಹಿಬಾಬಾದಿನಲ್ಲಿ, ಕಾರ್ಮಿಕರ ಮುಂದೆ ಆಡುತ್ತಿದ್ದಾಗಲೇ ಹಲ್ಲೆಗೀಡಾಗಿ ಸಫ್ದರ್ ಹಾಶ್ಮಿ ಪ್ರಾಣ ತೆತ್ತರು. ಕೆಲಸಕ್ಕೆ ಬಾರದ ವಸ್ತುವಿಗೆ ಯಾರೂ ಅಷ್ಟು ಹೆದರುವುದಿಲ್ಲ!

ಉಳ್ಳವರು ಈ ಗುಟ್ಟನ್ನು ಅರಿತಿದ್ದಾರೆ. ಇಂದಿರಾನಗರದ ಅನುಕೂಲಸ್ಥರು ಶುಲ್ಕ ತೆತ್ತು ಮಕ್ಕಳನ್ನು ರಂಗಶಿಬಿರಗಳಿಗೆ ಕಳಿಸುತ್ತಾರೆ. ಕೆ.ಆರ್. ಪುರದ ಕೂಲಿಯವರ ಮಕ್ಕಳಿಗೆ ಆ ಶುಲ್ಕ ಎಲ್ಲಿಂದ ಬರಬೇಕು? ಹಣವುಳ್ಳವರ ಮಕ್ಕಳು ಆಡಿದರೆ ವ್ಯಕ್ತಿತ್ವ ವಿಕಾಸ, ಬಡವರ ಮಕ್ಕಳು ಆಡಿದರೆ ಕಾಲಹರಣ! ಈ ಎರಡು ತಕ್ಕಡಿಯ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ಹೊಸದೇನನ್ನೂ ನಾವು ಬೇಡುತ್ತಿಲ್ಲ. ನಾಟಕವೂ ಸೇರಿದಂತೆ ಕಲೆಗಳು ಪಠ್ಯದ ಅಂಗವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಕಲಾವಿದರನ್ನು ತಯಾರು ಮಾಡುತ್ತ ಬಂದಿದೆ. ನಮ್ಮ ಸರಕಾರವೇ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಕೆಲವಕ್ಕೆ ಸಾಧ್ಯವಾದದ್ದು ಎಲ್ಲಕ್ಕೂ ಏಕೆ ಸಾಧ್ಯವಿಲ್ಲ? ಪ್ರತಿ ಶಾಲೆಗೆ ಆಗದಿದ್ದರೆ ನಾಲ್ಕು ಶಾಲೆಗೊಬ್ಬರಾದರೂ ಬರಲಿ. ವಾರಕ್ಕೊಂದು ಪೀರಿಯಡ್ ವೇಳಾಪಟ್ಟಿಯಲ್ಲಿರಲಿ. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಕಸಿದುಕೊಳ್ಳಬಾರದು. ವೇಷದ ಹೆಸರಿನಲ್ಲಿ ಮಕ್ಕಳಿಂದ ಒಂದು ಕಾಸೂ ವಸೂಲಾಗಬಾರದು.

ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕುಳಿತಿರುವವರು ನೀವೇ, ತಂದೆತಾಯಿಗಳೇ. ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: “ಈ ವರ್ಷ ಪರದೆ ಎಳೆಯುವ ಹುಡುಗನಿಗೆ ಮಾತು ಯಾವಾಗ ಕೊಡುತ್ತೀರಿ?” ಉತ್ತರ ಬರುವವರೆಗೂ ಕೂರಬೇಡಿ.