ಔಷಧಕ್ಕೂ ಚೀಟಿ ಎತ್ತುವುದೆ?

‘ನಮ್ಮ ಯಜಮಾನರನ್ನು ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿಸ್ತೀವಿ, ಸಹಿ ಹಾಕಿ ಅಂತ ಆಸ್ಪತ್ರೆಯಲ್ಲಿ ಹೇಳ್ತಿದ್ದಾರೆ. ಯಾರಿಗೆ ಹಳೇ ಮಾತ್ರೆ, ಯಾರಿಗೆ ಹೊಸದು ಅನ್ನೋದು ಚೀಟಿ ಎತ್ತಿದ ಹಾಗಂತೆ. ಜೀವದ ಜೊತೆ ಜೂಜೇನ್ರೀ?’ ಎಂದು ಸೋದರಿಯೊಬ್ಬರು ಕೇಳಿದ್ದಾರೆ. ಹೆದರಿಕೆ ಸಹಜವೇ. ಆದರೆ ಆ ಚೀಟಿಯಲ್ಲಿ ಒಂದು ನ್ಯಾಯವಿದೆ.

ಒಂದು ಅಕ್ಕಿಯನ್ನು ಬೇಸಿಗೆಯಲ್ಲಿ, ಇನ್ನೊಂದನ್ನು ಜಡಿಮಳೆಯಲ್ಲಿ ರುಬ್ಬಿಟ್ಟು ಇಡ್ಲಿ ಮಾಡಿ ‘ಮೊದಲನೆಯದೇ ಮೇಲು’ ಎಂದರೆ ನೀವು ಒಪ್ಪುತ್ತೀರಾ? ಹಿಟ್ಟು ಉಬ್ಬಿದ್ದು ಅಕ್ಕಿಯಿಂದಲೋ, ಸೆಕೆಯಿಂದಲೋ!

ಮದರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯರೋಗದ ಪ್ರಯೋಗವನ್ನೇ ನೋಡಿ. ಕ್ಷಯ ಬಂದರೆ ಸ್ಯಾನಿಟೋರಿಯಂ ಸೇರಬೇಕು, ಪುಷ್ಟಿಯ ಊಟ ಬೇಕು ಎಂದು ಆಗಿನ ನಂಬಿಕೆ. ಹಾಸಿಗೆಗಳೋ ಎಲ್ಲರಿಗೂ ಸಾಲವು. ಬಡ ಕುಟುಂಬಗಳ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಮನೆಯಲ್ಲೇ ಬಿಟ್ಟು, ಇನ್ನೊಂದನ್ನು ಸ್ಯಾನಿಟೋರಿಯಂಗೆ ಸೇರಿಸಿ, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಯಾರು ಎಲ್ಲಿ ಎಂಬುದನ್ನು ವೈದ್ಯರು ಆರಿಸಲಿಲ್ಲ. ಆರಿಸಿದ್ದರೆ ಅಯ್ಯೋ ಪಾಪ ಎಂದು ತೀರಾ ಸೊರಗಿದವರನ್ನೆಲ್ಲ ಸ್ಯಾನಿಟೋರಿಯಂಗೇ ಕಳಿಸುತ್ತಿದ್ದರೋ ಏನೋ. ಆಗ ಹೋಲಿಕೆ ಕೆಡುತ್ತಿತ್ತು. 1959ರಲ್ಲಿ ಫಲಿತಾಂಶ ಹೊರಬಂತು. ಸ್ಯಾನಿಟೋರಿಯಂ ಊಟ ಉಂಡವರ ತೂಕ ಹೆಚ್ಚು ಏರಿತ್ತು, ನಿಜ. ಆದರೆ ಗುಣವಾಗುವುದರಲ್ಲಿ ಮನೆಯಲ್ಲಿದ್ದವರು ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಮನೆಮಂದಿಯನ್ನೂ ಐದು ವರ್ಷ ಗಮನಿಸಿದರು. ರೋಗಿ ಮನೆಯಲ್ಲೇ ಇದ್ದ ಕಾರಣಕ್ಕೆ ಅವರಿಗೆ ಹೆಚ್ಚಾಗಿ ರೋಗ ಅಂಟಿದ್ದೂ ಕಾಣಲಿಲ್ಲ. ಮಕ್ಕಳನ್ನು ಬಿಟ್ಟು ದೂರ ಹೋಗುವ ಸಂಕಟ ಎಷ್ಟು ತಾಯಂದಿರಿಗೆ ತಪ್ಪಿತೋ!

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕುವುದೂ ಬೇಡ. ಯಜಮಾನರಿಗೆ ಜ್ಞಾನ ಸ್ವಾಧೀನದಲ್ಲಿದ್ದರೆ ಒಪ್ಪಿಗೆಯ ಸಹಿ ಅವರದೇ, ನಿಮ್ಮದಲ್ಲ. ಹೊಸ ಔಷಧಗಳ ಪ್ರಯೋಗಕ್ಕೆ ನಮ್ಮ ದೇಶದಲ್ಲಿ 2019ರ ನಿಯಮಗಳಿವೆ. ವಿವರವನ್ನೆಲ್ಲ ರೋಗಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ನಡುವೆ ಬಿಟ್ಟು ಬಂದರೂ ಮಾಮೂಲು ಚಿಕಿತ್ಸೆ ತಪ್ಪಿಸುವಂತಿಲ್ಲ. ಪ್ರಯೋಗದಿಂದಲೇ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಮೊದಲು ನೀತಿ ಸಮಿತಿ ಒಪ್ಪಿರಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದ, ನಮ್ಮ ನಿಮ್ಮಂಥ ಸಾಮಾನ್ಯರೂ ಒಬ್ಬರು ಇರಲೇಬೇಕಂತೆ. ಇದು ನನಗೆ ಬಹಳ ಹಿಡಿಸಿತು!

ಕಾಗದವನ್ನು ಮನೆಗೆ ತನ್ನಿ, ಓದಿದವರಿಂದ ಓದಿಸಿ, ಇಬ್ಬರೂ ಕೂತು ಯೋಚಿಸಿ. ‘ಈಗಲೇ ಹಾಕಿ’ ಎಂದು ಯಾರಾದರೂ ಅವಸರ ಮಾಡಿದರೆ, ನಿಮ್ಮ ಹಕ್ಕುಗಳ ಬಗ್ಗೆ ಯಾರನ್ನು ಕೇಳಬೇಕೆಂಬುದು ಆ ಕಾಗದದಲ್ಲೇ ಬರೆದಿರಬೇಕು, ಹುಡುಕಿ ವಿಚಾರಿಸಿ.