ತೆಂಗಿನಕಾಯಿ ಲಾರಿಯ ಹಿಂದೆ

ಅರಸೀಕೆರೆಯಿಂದ ಗಂಡಸಿಗೆ ಹೋಗುವ ಹಾದಿ. ಮುಂದೆ ತೆಂಗಿನಕಾಯಿ ಹೇರಿದ ಲಾರಿ; ಅದರ ಹಿಂದೆ ಸಣ್ಣ ಕಾರು, ಒಳಗೆ ಐವರು. ಯಜಮಾನರು ನಾಲ್ಕನೆಯ ಗೇರಿನಲ್ಲಿಯೇ ಆಕ್ಸಿಲರೇಟರನ್ನು ಒತ್ತುತ್ತಾರೆ. ಕಾರು ನರಳುತ್ತದೆಯೇ ಹೊರತು ಮುನ್ನುಗ್ಗುವುದಿಲ್ಲ. ಎಂಜಿನ್ನಿಗೆ ಶಕ್ತಿಯೇ ಇಲ್ಲವೆಂಬ ದೂರು ಹೊರಡುತ್ತದೆ.

ದೂರು ಅರ್ಧ ಮಾತ್ರ ನಿಜ. ಸ್ಪ್ಯಾನರಿನಿಂದ ಚಕ್ರದ ನಟ್ಟು ಬಿಚ್ಚುವಾಗ ಕೈ ಪ್ರಯೋಗಿಸುತ್ತದೆಯಲ್ಲ, ಆ ತಿರುಗಿಸುವ ಬಲಕ್ಕೇ ಟಾರ್ಕ್ ಎಂದು ಹೆಸರು. 1983ರಲ್ಲಿ ಬಂದ ಮಾರುತಿ 800ರಲ್ಲಿ ಅದು ಸುಮಾರು 60 ನ್ಯೂಟನ್-ಮೀಟರು. 2014ರ ಸೆಲೆರಿಯೋದ 998 ಸಿ.ಸಿ. ಎಂಜಿನ್ನಿನಲ್ಲಿ 90, ಅದೂ ನಿಮಿಷಕ್ಕೆ 3500 ಸುತ್ತು ತಿರುಗುವಾಗ. 1500 ಸುತ್ತಿನಲ್ಲಿ ಅಷ್ಟನ್ನೂ ಕೇಳುವುದು ಅನ್ಯಾಯ. ಮೂರನೆಯ ಗೇರಿಗೆ ಇಳಿಸಿದರೆ ಸುತ್ತೂ ಏರುತ್ತದೆ, ಚಕ್ರಕ್ಕೆ ಮುಟ್ಟುವ ಬಲವೂ ಹೆಚ್ಚುತ್ತದೆ. ಸದ್ದಾದರೆ ಎಂಜಿನ್ ಕೆಟ್ಟೀತೆಂದು ಅಂಜಿ ಅನೇಕರು ಇದನ್ನು ಮಾಡರು. ಪೆಟ್ರೋಲಿನ ಉಳಿತಾಯ ಇನ್ನೊಂದು ನೆಪ.

ಅದೇ ಸೆಲೆರಿಯೋದೊಡನೆ ಅಗ್ಗದ ಆಟೋಮ್ಯಾಟಿಕ್ಕೂ ಬಂದಿತು. ಇದರಲ್ಲಿ ಕ್ಲಚ್ಚಿನ ಪೆಡಲಿಲ್ಲ. ಆದರೆ ಕ್ಲಚ್ಚೂ ಉಂಟು, ಹಳೆಯ ಬಗೆಯ ಗೇರುಪೆಟ್ಟಿಗೆಯೂ ಉಂಟು. ಕೈಕಾಲುಗಳ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ, ಅಷ್ಟೆ. ಗೇರು ಬದಲಾಗುವ ಅರೆಕ್ಷಣ ಚಕ್ರಕ್ಕೆ ಬಲವಿರುವುದಿಲ್ಲ. ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಅರೆಕ್ಷಣ ಬಹು ದೀರ್ಘ! ಆದ್ದರಿಂದ ಲಾರಿಯ ಹಿಂದಿರುವಾಗಲೇ ಕೈಯಿಂದ ಒಂದು ಗೇರು ಇಳಿಸಿಕೊಂಡು, ಕಾರು ಎಳೆಯತೊಡಗಿದ ಮೇಲೆ, ಹಾದಿ ತೆರವಾಗಿದ್ದರೆ ಮಾತ್ರ ಬಲಕ್ಕೆ ಹೊರಳಬೇಕು.

ಯಜಮಾನರು ಇಷ್ಟನ್ನೆಲ್ಲ ಯೋಚಿಸಿ ಮುಗಿಸುವಷ್ಟರಲ್ಲಿ ಲಾರಿಯೇ ಗಂಡಸಿಯಲ್ಲಿ ಪಕ್ಕಕ್ಕೆ ತಿರುಗಿಬಿಡುವುದೂ ಉಂಟು.