ಆಲಿಕೆ ಸಭೆಯಲ್ಲಿ ಕೇಳಿಸುವ ಭಾಷೆ

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಯೋಜನೆಯೊಂದರ ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ಹೋಗಿದ್ದೆ. ಮೇಜಿನ ಮೇಲೆ ದಪ್ಪನೆಯ ಇಂಗ್ಲಿಷ್ ವರದಿಯಿತ್ತು. ಪಕ್ಕದಲ್ಲಿ ಹತ್ತಾರು ಪುಟಗಳ ಕನ್ನಡ ಸಾರಾಂಶ. ಹಿರಿಯ ಮಹಿಳೆಯೊಬ್ಬರು ಎದ್ದು ನಿಂತು ತಮ್ಮ ತೋಟದ ಮೇಲಿನ ಅಬ್ಬಿಯ ವಿಷಯ ಹೇಳಿದರು. ಅದು ಯಾವ ತಿಂಗಳವರೆಗೆ ಹರಿಯುತ್ತದೆ, ಮೇಲಿನ ಕಾನು ಕಡಿದ ವರ್ಷ ಎಷ್ಟು ಬೇಗ ಬತ್ತಿತು ಎಂಬುದನ್ನೆಲ್ಲ ವಿವರಿಸಿದರು. ಅಧಿಕಾರಿಗಳು ತಲೆಯಾಡಿಸಿದರು. ಅನಂತರ ನಾನು ಅದನ್ನೇ 'ಕ್ಯಾಚ್‌ಮೆಂಟ್', 'ಬೇಸ್ ಫ್ಲೋ' ಎಂಬ ಪದಗಳನ್ನು ಸೇರಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಆಗ ಅವರ ಕೈಗೆ ಪೆನ್ನು ಬಂದಿತು. ಹೊರಗೆ ಆ ತಾಯಿ ಕೇಳಿದರು: "ನಾನು ಹೇಳಿದ್ದೇ ನೀನೂ ಹೇಳಿದ್ದಲ್ವಾ ತಮ್ಮಾ? ಬರ್ಕೊಂಡಿದ್ದು ಮಾತ್ರ ನಿಂದು."

ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

1835ರಲ್ಲಿ ಮೆಕಾಲೆ ಬಯಸಿದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ಒಂದು ದುಭಾಷಿ ವರ್ಗವನ್ನು. ಆಳುವವರು ಬದಲಾದರು, ಆದರೆ ನಡುವಿನ ಆ ಸ್ಥಾನ ತೆರವಾಗಲಿಲ್ಲ. ಇಂದು ಅದರಲ್ಲಿ ಕುಳಿತಿರುವವರು ನನ್ನಂಥ ಡಾಕ್ಟರೇಟುಗಳು.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಆಲಿಕೆಗೆ ಕನಿಷ್ಠ 30 ದಿನಗಳ ಮುಂಚಿತ ಸೂಚನೆ ಕೊಡಬೇಕು. ಆದರೆ ರೂಢಿಯಲ್ಲಿ ಜನರ ಭಾಷೆಗೆ ಬರುವುದು ಸಾರಾಂಶವಷ್ಟೇ. ನೀರು, ಮಣ್ಣು, ಗಿಡಮರಗಳ ಅಂಕಿಅಂಶಗಳೆಲ್ಲ ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ತನ್ನ ಅಬ್ಬಿಯ ಬಗ್ಗೆ ವರದಿ ಸುಳ್ಳು ಬರೆದಿದೆಯೇ ಎಂದು ಪರೀಕ್ಷಿಸಬಲ್ಲ ಏಕೈಕ ವ್ಯಕ್ತಿಗೆ ಆ ಪುಟವನ್ನೇ ಓದಲಾಗದು! 2020ರಲ್ಲಿ ಇದನ್ನು ಬದಲಿಸುವ ಹೊಸ ಕರಡು ಬಂದಾಗ ಅದು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಆದೇಶಿಸಿತು. ಕೇಂದ್ರ ಸರ್ಕಾರ ಅನುವಾದಕ್ಕೆ ತೊಡಗುವ ಬದಲು ಆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ನಮ್ಮ ರಾಜ್ಯದ ಹೈಕೋರ್ಟ್ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ನೀಡಿತು.

ಇಂಥ ವಿಷಯಗಳನ್ನು ಹೇಳಲು ಕನ್ನಡದಲ್ಲಿ ಪದಗಳಿಲ್ಲ ಎನ್ನುವವರಿಗೆ ನನ್ನ ವೃತ್ತಿಯಿಂದಲೇ ಒಂದು ಉತ್ತರವಿದೆ. ಮೈಸೂರು ಸೀಮೆಯ ಕಾಫಿ ಗಿಡಗಳನ್ನು ಕಾಡುತ್ತಿದ್ದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಇಟ್ಟ ಹೆಸರು 'ಪೆಲ್ಲಿಕ್ಯುಲೇರಿಯ ಕೊಳೆರೋಗ'. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆಯ ರೋಗದ ಕುರಿತು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೂ 'ಕೊಳೆರೋಗ' ಇದೆ. ಮಳೆಗಾಲದಲ್ಲಿ ಉದುರಿದ ಕಾಯಿಗಳನ್ನು ಹೆಕ್ಕುತ್ತ ನಮ್ಮ ಹಿರಿಯರು ಆಡಿದ ಪದ ಲ್ಯಾಟಿನ್ನಿನೊಳಕ್ಕೆ ಹೋಗಿ ಕುಳಿತಿತು. ಬೋರ್ಡೋ ದ್ರಾವಣಕ್ಕೂ ಮೊದಲೇ ಕೊನೆಗಳಿಗೆ ಕೊಟ್ಟೆ ಕಟ್ಟುವ ಉಪಾಯ ಕಂಡುಕೊಂಡಿದ್ದವರೂ ಅವರೇ. ಪದ ಒಳಗೆ ಹೋಯಿತು, ಆಡಿದವರು ಹೊರಗೇ ಉಳಿದರು.

ವಿರುದ್ಧ ದಿಕ್ಕಿನ ಪಯಣವೂ ನಡೆದಿದೆ. ಕಂದಾಯ ಹುಟ್ಟದ ಹುಲ್ಲುಗಾವಲನ್ನೂ ಕುರುಚಲನ್ನೂ ಬ್ರಿಟಿಷರು 'ವೇಸ್ಟ್' ಎಂದು ಕರೆದರು. ನಾವು ಅದನ್ನು 'ಬಂಜರು', 'ಪಾಳು' ಎಂದು ಕಡತಕ್ಕೆ ಇಳಿಸಿಕೊಂಡೆವು. ಬೆಟ್ಟ, ಕಾನು, ಹಾಡಿ, ಬ್ಯಾಣ ಎಂದು ಬೇರೆಬೇರೆಯಾಗಿ ಗುರುತಿಸುತ್ತಿದ್ದ ಜನರ ನೆಲಕ್ಕೆ ಒಂದೇ ಪದ ಬಿದ್ದ ಮೇಲೆ ಅದನ್ನು ಅಕೇಶಿಯಾ ನೆಡುತೋಪಿಗೆ ಕೊಡುವುದು ಸುಲಭವಾಯಿತು.

ಸರ್ಕಾರವನ್ನಷ್ಟೇ ದೂರಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ನಮ್ಮ ಮನವಿಗಳು, ರಿಟ್ ಅರ್ಜಿಗಳು, ಮಿಂಚಂಚೆಗಳು ಯಾವ ಭಾಷೆಯಲ್ಲಿವೆ? ಬೆಂಗಳೂರಿನಿಂದ ಮಿತ್ರರೊಬ್ಬರು ಬಂದರೆ ಸಭೆಯ ಭಾಷೆ ತಂತಾನೇ ಬದಲಾಗುತ್ತದೆ. ಕೊನೆಗೌಡರೂ ಕೂಲಿಯವರೂ ಹಿಂದಿನ ಸಾಲಿಗೆ ಸರಿಯುತ್ತಾರೆ, ಚಹಾ ಬಂದಾಗ ಮಾತ್ರ ಅವರ ದನಿ ಕೇಳಿಸುತ್ತದೆ. ನಾವು ಬರೆಯುವ ಕನ್ನಡವೂ (ಈ ಲೇಖನದ್ದೂ ಸೇರಿ) ಅವರ ಮನೆಯ ಕನ್ನಡವಲ್ಲ. ಕಚೇರಿಯ ಅನುವಾದಗಳಂತೂ ಇಂಗ್ಲಿಷಿಗಿಂತ ಕಠಿಣ.

ಆದ್ದರಿಂದ ಎರಡು ಸಲಹೆಗಳು. ಪೂರ್ಣ ವರದಿ ಕನ್ನಡದಲ್ಲಿ ಪಂಚಾಯಿತಿಗೆ ತಲುಪಿದ ಮೇಲೆಯೇ 30 ದಿನಗಳ ಎಣಿಕೆ ಆರಂಭವಾಗಬೇಕೆಂದು ನಾವು ಲಿಖಿತವಾಗಿ ಒತ್ತಾಯಿಸಬೇಕು. ಎರಡನೆಯದು ನಮಗೇ ಸಂಬಂಧಿಸಿದ್ದು: ಮುಂದಿನ ಆಲಿಕೆಯಲ್ಲಿ ನಮ್ಮ ಒಕ್ಕೂಟದ ಪದವೀಧರರು ಕೊನೆಯಲ್ಲಿ ಮಾತನಾಡಲಿ. ಅಲ್ಲಿಯವರೆಗೆ ಅಬ್ಬಿಯ ಮಾತು ಅಕ್ಷರಶಃ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಪೆನ್ನು ಹಿಡಿದವರ ಪಕ್ಕದಲ್ಲಿ ನಿಂತು ನೋಡಲಿ.